ಐಡಲ್‌ವೈಲ್ಡ್: ಮಿಶಿಗನ್ನಿನ ಸರೋವರವೊಂದರ ದಂಡೆಯಲ್ಲಿ ಕಪ್ಪು ಜನ ಕಟ್ಟಿಕೊಂಡ ಬೇಸಿಗೆಯ ಊರು

ಹಳೆನಕ್ಷೆ

ಬೇಸಿಗೆ ಬಂತೆಂದರೆ ಮಿಶಿಗನ್ನಿನ ಕನ್ನಡಿಗರೆಲ್ಲ ಮ್ಯಾಕಿನಾ ದ್ವೀಪ, ಟ್ರಾವರ್ಸ್ ಸಿಟಿ, ಸ್ಲೀಪಿಂಗ್ ಬೇರ್ ಮರಳುದಿಬ್ಬ ಎಂದು ಹೊರಡುತ್ತಾರೆ. ಅದೇ ಸೀಮೆಯಲ್ಲಿರುವ ಐಡಲ್‌ವೈಲ್ಡ್ ಕಡೆಗೆ ಕಾರು ತಿರುಗಿಸುವವರು ಕಡಿಮೆ. ಆ ಊರಿನ ಕಥೆಯನ್ನು ಕನ್ನಡದಲ್ಲಿ ಯಾರಾದರೂ ವಿವರವಾಗಿ ಬರೆಯಲೇಬೇಕು ಎಂದು ಬಹಳ ಕಾಲದಿಂದ ಅನ್ನಿಸುತ್ತಿತ್ತು. ಇಲ್ಲಿ ಆರಂಭಿಸುತ್ತಿದ್ದೇನೆ, ತಿಳಿದವರು ಸೇರಿಸಿ.

ಲೇಕ್ ಕೌಂಟಿಯಲ್ಲಿ, ಬಾಲ್ಡ್‌ವಿನ್ ಎಂಬ ಸಣ್ಣ ಪಟ್ಟಣದ ಪೂರ್ವಕ್ಕೆ, ಹತ್ತನೇ ನಂಬರಿನ ಹೆದ್ದಾರಿಯ ಬಳಿ ಐಡಲ್‌ವೈಲ್ಡ್ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯೆಲ್ಲ ಬಿಳಿ ಪೈನ್ ಮರಗಳ ಕಾಡಾಗಿತ್ತು. ಮರದ ವ್ಯಾಪಾರಿಗಳು ಬಂದರು, ಕಡಿದರು, ನದಿಯಲ್ಲಿ ದಿಮ್ಮಿ ತೇಲಿಸಿದರು, ಹೋದರು. ಉಳಿದದ್ದು ಬೊಡ್ಡೆಗಳು ಮತ್ತು ಮರಳುಮಣ್ಣು. ಬೇಸಾಯ ಮಾಡಲು ಹೊರಟವರು ಸೋತು ಕೈಬಿಟ್ಟರು. ಬೇರಾವುದಕ್ಕೂ ಬಾರದ ನೆಲದಲ್ಲಿ ಸರೋವರಗಳು ಮಾತ್ರ ತಿಳಿಯಾಗಿ ನಿಂತಿದ್ದವು.

1912ರ ಸುಮಾರಿಗೆ ನಾಲ್ಕು ಬಿಳಿಯ ದಂಪತಿಗಳು ಇಲ್ಲಿ ಸುಮಾರು 2,700 ಎಕರೆ ಜಮೀನು ಸೇರಿಸಿ ರೆಸಾರ್ಟ್ ಕಂಪನಿ ಕಟ್ಟಲು ಹೊರಟರು. ಎರಾಸ್ಟಸ್ ಬ್ರಾಂಚ್ ಮತ್ತು ಅಡೆಲ್ಬರ್ಟ್ ಬ್ರಾಂಚ್ ಎಂಬ ಸಹೋದರರು ಅದೇ ಸೀಮೆಯ ವೈಟ್ ಕ್ಲೌಡ್ ಊರಿನವರು. ವಿಲ್ಬರ್ ಲೆಮನ್ ಮತ್ತು ಎ. ಇ. ರೈಟ್ ಶಿಕಾಗೋದವರು. ಅವರು ಗಿರಾಕಿಗಳೆಂದು ಆರಿಸಿಕೊಂಡದ್ದು ಶಿಕಾಗೋ, ಡೆಟ್ರಾಯ್ಟ್, ಕ್ಲೀವ್‌ಲ್ಯಾಂಡ್, ಇಂಡಿಯಾನಾಪೊಲಿಸ್‌ಗಳಲ್ಲಿ ಆಗ ಬೆಳೆಯುತ್ತಿದ್ದ ಕಪ್ಪು ಮಧ್ಯಮ ವರ್ಗವನ್ನು. ವೈದ್ಯರು, ಶಿಕ್ಷಕರು, ಅಂಚೆ ನೌಕರರು, ರೈಲಿನ ಪೋರ್ಟರುಗಳು, ಸಣ್ಣ ಅಂಗಡಿಕಾರರು. ಕೈಯಲ್ಲಿ ನಾಲ್ಕು ಕಾಸಿದ್ದರೂ ಅದನ್ನು ಕೊಟ್ಟು ಒಂದು ವಾರ ನೀರಿನ ಬದಿಯಲ್ಲಿ ಕೂರಲು ಜಾಗವಿಲ್ಲದ ಜನ.

ನಿವೇಶನದ ಅಳತೆ 25 ಅಡಿ ಅಗಲ, 100 ಅಡಿ ಉದ್ದ. ಬೆಲೆ 35 ಡಾಲರ್. ಮುಂಗಡ 6 ಡಾಲರ್, ಆಮೇಲೆ ತಿಂಗಳಿಗೆ 1 ಡಾಲರ್ ಕಂತು. ಬೆಂಗಳೂರಿನ ಮೂವತ್ತು ನಲವತ್ತರ ಸೈಟು 1,200 ಚದರಡಿ; ಇದು 2,500 ಚದರಡಿ. ಆದರೆ ಅಗಲ ಕಿರಿದು, ಆದ್ದರಿಂದ ಎರಡು ಮೂರು ನಿವೇಶನ ಸೇರಿಸಿ ಕೊಳ್ಳುವವರೂ ಇದ್ದರು. ಕಂಪನಿಯೇ ಕೆಲವು ಒಂದು ಕೋಣೆಯ ಮರದ ಮನೆಗಳನ್ನು ಕಟ್ಟಿಸಿತು. ಒಳಗೆ ಹಾಸಿಗೆಗೆ ಜಾಗ, ಮೇಲೆ ಇಳಿಜಾರು ಸೂರು, ಅಷ್ಟೇ. ಊರಿನವರು ಅವುಗಳನ್ನು ‘ನಾಯಿಮನೆ’ ಎಂದೇ ಕರೆಯುತ್ತಿದ್ದರು.

ಇದನ್ನು ರಜೆಯ ವ್ಯಾಪಾರ ಎಂದಷ್ಟೇ ನೋಡಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಕೊಂಡವರ ಕೈಗೆ ಬಂದದ್ದು ಕ್ರಯಪತ್ರ. ಗುಲಾಮಗಿರಿ ರದ್ದಾದ 1865ರಿಂದ ಲೆಕ್ಕ ಹಾಕಿದರೆ ಅರ್ಧ ಶತಮಾನವೂ ಕಳೆದಿರಲಿಲ್ಲ. ಕೊಂಡವರಲ್ಲಿ ಹಲವರ ತಂದೆ ತಾಯಿ ತಾವೇ ಇನ್ನೊಬ್ಬರ ಆಸ್ತಿಯಾಗಿದ್ದವರು. ಅವರ ಮಕ್ಕಳ ಹೆಸರಿನಲ್ಲಿ ಸರೋವರದ ದಂಡೆಯ ಭೂಮಿ ನೋಂದಣಿಯಾಯಿತು.

ಕಾವೇರಿತೀರ

ಬಹಳ ಒಳ್ಳೆಯ ವಿಷಯ. ಒಂದು ಸಂದೇಹ. ಶಿಕಾಗೋದ ಮಗ್ಗುಲಲ್ಲೇ ಸಮುದ್ರದಂಥ ಮಿಶಿಗನ್ ಸರೋವರವಿದೆ, ಡೆಟ್ರಾಯ್ಟಿನಲ್ಲಿ ನದಿಯಿದೆ. ಇಷ್ಟು ದೂರದ ಕಾಡಿಗೆ ಬರುವ ಅಗತ್ಯವೇನಿತ್ತು? ನೀರು, ಶಾಲೆ, ಬಸ್ಸುಗಳಲ್ಲಿ ಬೇರ್ಪಡಿಸುವ ಕಾನೂನು ಇದ್ದದ್ದು ದಕ್ಷಿಣದ ರಾಜ್ಯಗಳಲ್ಲಿ ಎಂದು ಓದಿದ ನೆನಪು.

ಹಳೆನಕ್ಷೆ

ಕಾವೇರಿತೀರ ಅವರೇ, ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಐಡಲ್‌ವೈಲ್ಡ್ ಅರ್ಥವಾಗುತ್ತದೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನೀವು ಓದಿದ್ದು ನಿಜ. ಮಿಶಿಗನ್ನಿನಲ್ಲಿ ಹಾಗೆ ಬೇರ್ಪಡಿಸುವ ಕಾನೂನು ಇರಲಿಲ್ಲ. ಹೋಟೆಲು, ರಂಗಮಂದಿರ, ವಾಹನಗಳಲ್ಲಿ ವರ್ಣಭೇದ ಮಾಡಬಾರದು ಎಂಬ ಕಾನೂನನ್ನು ಈ ರಾಜ್ಯ 1885ರಲ್ಲೇ ಮಾಡಿತ್ತು. ಕಾಗದ ಒಂದು ಹೇಳುತ್ತಿತ್ತು, ದಂಡೆ ಇನ್ನೊಂದು ಹೇಳುತ್ತಿತ್ತು.

1919ರ ಜುಲೈ 27, ಭಾನುವಾರ, ವಿಪರೀತ ಸೆಕೆ. ಶಿಕಾಗೋದ ದಕ್ಷಿಣ ಭಾಗದಲ್ಲಿ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ ಗೆಳೆಯರೊಡನೆ ಮಿಶಿಗನ್ ಸರೋವರಕ್ಕೆ ಇಳಿದಿದ್ದ. ಹುಡುಗರ ಬಳಿ ಮರದ ತೆಪ್ಪವೊಂದಿತ್ತು. 29ನೇ ಬೀದಿಯ ದಂಡೆ ಬಿಳಿಯರದು, ಅದರ ಉತ್ತರಕ್ಕಿರುವ ದಂಡೆ ಕಪ್ಪು ಜನರದು ಎಂಬುದು ರೂಢಿ. ಬೇಲಿಯಿಲ್ಲ, ಫಲಕವಿಲ್ಲ; ನೀರಿನಲ್ಲಂತೂ ಗೆರೆ ಎಳೆಯಲು ಬರುವುದೇ ಇಲ್ಲ. ತೆಪ್ಪ ತೇಲುತ್ತ ಆ ಕಾಣದ ಗೆರೆಯನ್ನು ದಾಟಿತು. ದಂಡೆಯಲ್ಲಿದ್ದ ಬಿಳಿಯನೊಬ್ಬ ಕಲ್ಲೆಸೆಯತೊಡಗಿದ. ಹುಡುಗ ಮುಳುಗಿ ಸತ್ತ. ಸ್ಥಳದಲ್ಲಿದ್ದ ಬಿಳಿಯ ಪೊಲೀಸಿನವನು ಕಲ್ಲೆಸೆದವನನ್ನು ಬಂಧಿಸಲು ಒಪ್ಪಲಿಲ್ಲ. ಆಮೇಲೆ ನಗರದಲ್ಲಿ ದಿನಗಟ್ಟಲೆ ಗಲಭೆ. ಸತ್ತವರು 38 ಮಂದಿ, ಅವರಲ್ಲಿ 23 ಮಂದಿ ಕಪ್ಪು ಜನ. ಗಾಯಗೊಂಡವರು ಐನೂರಕ್ಕೂ ಹೆಚ್ಚು.

ಡೆಟ್ರಾಯ್ಟಿನಲ್ಲೂ ಪರಿಸ್ಥಿತಿ ಇದೇ. ಅಲ್ಲಿಂದ ಬಾಬ್ಲೋ ಎಂಬ ದ್ವೀಪದ ಮನರಂಜನಾ ಉದ್ಯಾನಕ್ಕೆ ಹಬೆದೋಣಿ ಹೋಗುತ್ತಿತ್ತು. 1945ರ ಜೂನ್‌ನಲ್ಲಿ ಸಾರಾ ಎಲಿಜಬೆತ್ ರೇ ಎಂಬ ಯುವತಿ ತನ್ನ ತರಗತಿಯ ಗೆಳತಿಯರೊಡನೆ ಟಿಕೆಟ್ ಕೊಟ್ಟು ದೋಣಿ ಹತ್ತಿದಳು. ಗುಂಪಿನಲ್ಲಿ ಕಪ್ಪು ಬಣ್ಣದವಳು ಅವಳೊಬ್ಬಳೇ. ಅವಳನ್ನು ಮಾತ್ರ ಇಳಿಸಿದರು. ಅವಳು ಸುಮ್ಮನಿರಲಿಲ್ಲ. ಆ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1948ರಲ್ಲಿ ದೋಣಿ ಕಂಪನಿ ಸೋತಿತು. ಇದಕ್ಕೂ ಮೊದಲು 1943ರ ಜೂನ್ 20ರಂದು ಡೆಟ್ರಾಯ್ಟಿನದೇ ಬೆಲ್ ಐಲ್ ಎಂಬ ನದಿದ್ವೀಪದ ಉದ್ಯಾನದಲ್ಲಿ ಹೊತ್ತಿಕೊಂಡ ಜಗಳ ನಗರಕ್ಕೆ ಹರಡಿ 34 ಜನ ಸತ್ತರು.

ಎಲ್ಲವೂ ನೀರಿನ ಬದಿಯಲ್ಲಿ, ರಜೆಯ ದಿನಗಳಲ್ಲಿ ನಡೆದದ್ದು ಎಂಬುದನ್ನು ಗಮನಿಸಿ. ದುಡಿಯುವ ಜಾಗದಲ್ಲಿ ಕಪ್ಪು ಮನುಷ್ಯನನ್ನು ಸಹಿಸುತ್ತಿದ್ದವರು ಅವನು ಈಜುಡುಗೆ ತೊಟ್ಟು ಪಕ್ಕದಲ್ಲಿ ನೀರಿಗಿಳಿದರೆ ಸಹಿಸುತ್ತಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದ ತಂದೆಗೆ ಯಾವ ಗಳಿಗೆಯಲ್ಲಿ ಕಲ್ಲು ಬೀಳುತ್ತದೆಯೋ ಎಂಬ ಭಯ. ಆ ಭಯವಿಲ್ಲದೆ ಮಗು ನೀರಾಟ ಆಡುವುದನ್ನು ನೋಡಲು ನೂರಾರು ಮೈಲಿ ಪ್ರಯಾಣ ಹೆಚ್ಚೇನೂ ಆಗಿರಲಿಲ್ಲ.

ನೀಲಿಬಾವುಟ

ಇದನ್ನು ಓದುತ್ತಿರುವಾಗ ಮಹಾಡ್ ನೆನಪಾಗದೆ ಇರಲು ಸಾಧ್ಯವೇ ಇಲ್ಲ.

ಮುಂಬೈ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಎಂದು ನಿರ್ಣಯ ಮಾಡಿದ್ದು 1923ರಲ್ಲಿ. ಮರುವರ್ಷವೇ ಮಹಾಡ್ ಪುರಸಭೆ ತನ್ನ ಚವದಾರ್ ಕೆರೆಯನ್ನು ಮುಕ್ತಗೊಳಿಸಿದೆ ಎಂದು ಘೋಷಿಸಿತು. ಆದರೂ ಒಬ್ಬ ಅಸ್ಪೃಶ್ಯನೂ ಆ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಅಂದೇ ಅವರ ಜನರ ಮೇಲೆ ದೊಣ್ಣೆ ಬಿತ್ತು. ಆಮೇಲೆ ಕೆರೆಯನ್ನು ಪಂಚಗವ್ಯದಿಂದ ‘ಶುದ್ಧ’ ಮಾಡಲಾಯಿತು. ನ್ಯಾಯಾಲಯದ ಕೊನೆಯ ತೀರ್ಪು ಬರುವಷ್ಟರಲ್ಲಿ 1937 ಆಗಿತ್ತು. ಹಳೆನಕ್ಷೆ ಅವರು ಹೇಳಿದ 1885ರ ಕಾನೂನು ಮತ್ತು ಈ 1923ರ ನಿರ್ಣಯ ಎರಡರ ಹಣೆಬರಹವೂ ಒಂದೇ.

ಅಮೆರಿಕದ ಈ ಹೋರಾಟ ಅಂಬೇಡ್ಕರರಿಗೆ ಅಪರಿಚಿತವಾಗಿರಲಿಲ್ಲ. ಅವರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು. 1946ರಲ್ಲಿ ಅಲ್ಲಿಯ ಕಪ್ಪು ಜನರ ನಾಯಕ, ಚಿಂತಕ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ್ದರು. ಡುಬಾಯ್ಸ್ ಉತ್ತರವನ್ನೂ ಬರೆದರು.

ನನ್ನನ್ನು ಕಾಡುವುದು ಬೇರೆ ವಿಷಯ. ಮಹಾಡದಲ್ಲಿ ನಮ್ಮವರು ಕೇಳಿದ್ದು ಎಲ್ಲರ ಕೆರೆಯಲ್ಲಿ ಪಾಲು. ಐಡಲ್‌ವೈಲ್ಡ್‌ನವರು ಬೇರೆ ಕೆರೆಯನ್ನು ಕೊಂಡರು. ಹಣವಿದ್ದವರು ಬೇರೆ ದಂಡೆಗೆ ಹೋದರೆ ಹಣವಿಲ್ಲದವರು ಹಳೆಯ ದಂಡೆಯಲ್ಲಿ ಕಲ್ಲೇಟು ತಿನ್ನುತ್ತ ಉಳಿಯುತ್ತಾರಲ್ಲವೇ?

ದಾರಿಬುತ್ತಿ

ನನಗೂ ಅದೇ ಅನ್ನಿಸಿತು. ಜೊತೆಗೆ ಮಾರಿದವರು ಬಿಳಿಯರು. ಮೊದಲು ಒಳ್ಳೆಯ ದಂಡೆಗಳಿಂದ ಓಡಿಸುವುದು, ಆಮೇಲೆ ಬೇಸಾಯಕ್ಕೂ ಬಾರದ ಬೊಡ್ಡೆ ನೆಲವನ್ನು ಅವರಿಗೇ ತುಂಡು ತುಂಡು ಮಾಡಿ ಮಾರಿ ಲಾಭ ಮಾಡಿಕೊಳ್ಳುವುದು. ಬೆಂಗಳೂರಿನ ಸುತ್ತ ಇಂಥ ಬಡಾವಣೆಗಳನ್ನು ಸಾಕಷ್ಟು ನೋಡಿದ್ದೇವೆ. ಇದನ್ನು ಸ್ವರ್ಗ ಎಂದು ಕೊಂಡಾಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ.

ಹಳೆನಕ್ಷೆ

ಇಬ್ಬರ ಮಾತಿನಲ್ಲೂ ತೂಕವಿದೆ. ಒಂದೊಂದಾಗಿ ಹೇಳುತ್ತೇನೆ.

ಲಾಭದ ಪ್ರಶ್ನೆಯನ್ನು ಆ ಕಾಲದಲ್ಲೇ ಕೇಳಲಾಗಿತ್ತು. ನೀಲಿಬಾವುಟ ಅವರು ಹೆಸರಿಸಿದ ಡುಬಾಯ್ಸ್ ಅವರೇ ಐಡಲ್‌ವೈಲ್ಡ್‌ಗೆ ಬಂದು ನೋಡಿ, ತಮ್ಮ ‘ದಿ ಕ್ರೈಸಿಸ್’ ಪತ್ರಿಕೆಯ 1921ರ ಆಗಸ್ಟ್ ಸಂಚಿಕೆಯಲ್ಲಿ ಬರೆದರು. ಇಂಥ ಚೆಲುವಾದ ನೆಲವನ್ನು ಇಪ್ಪತ್ತು ವರ್ಷಗಳಲ್ಲಿ ಕಂಡಿರಲಿಲ್ಲ ಎಂದು ಮನಸಾರೆ ಹೊಗಳಿದರು. ಕಂಪನಿಯ ಬಿಳಿಯರು ಇದರಿಂದ ಹಣ ಮಾಡಿಕೊಂಡಿದ್ದಾರೆ ಎಂಬುದನ್ನೂ ಮುಚ್ಚಿಡಲಿಲ್ಲ. ಆದರೆ ವ್ಯವಹಾರ ನೇರವಾಗಿತ್ತು ಎಂಬುದು ಅವರ ಅಭಿಪ್ರಾಯ. ಡುಬಾಯ್ಸ್ ಯಾರ ಮುಲಾಜಿಗೂ ಬೀಳುವವರಲ್ಲ. ಅವರೂ ಇಲ್ಲಿ ನಿವೇಶನ ಕೊಂಡರು. ಕೂದಲಿನ ಪ್ರಸಾಧನಗಳ ಉದ್ಯಮದಿಂದ ಹೆಸರಾದ ಮೇಡಂ ಸಿ. ಜೆ. ವಾಕರ್ ಕೊಂಡಿದ್ದರು. ಕ್ಲೀವ್‌ಲ್ಯಾಂಡಿನ ಕಾದಂಬರಿಕಾರ ಚಾರ್ಲ್ಸ್ ಚೆಸ್ನಟ್ ಇಲ್ಲಿ ಬೇಸಿಗೆಗಳನ್ನು ಕಳೆಯುತ್ತಿದ್ದರು. ಇವರೆಲ್ಲ ಮೋಸಹೋದ ಗಿರಾಕಿಗಳೆಂದು ನಂಬುವುದು ಕಷ್ಟ.

ಇನ್ನೂ ಮುಖ್ಯವಾದದ್ದು, ಊರು ಕಂಪನಿಯ ಕೈಯಲ್ಲೇ ಉಳಿಯಲಿಲ್ಲ. ನಿವೇಶನದಾರರು ತಮ್ಮದೇ ಸಂಘ ಕಟ್ಟಿದರು. ಕಪ್ಪು ಜನರ ಒಡೆತನದ ಹೋಟೆಲು, ದಿನಸಿ ಅಂಗಡಿ, ಚರ್ಚು ಎದ್ದವು. ಹರ್ಮನ್ ಮತ್ತು ಲೀಲಾ ವಿಲ್ಸನ್ ದಂಪತಿ ಪ್ಯಾರಡೈಸ್ ಗಾರ್ಡನ್ಸ್ ಎಂಬ ಭಾಗವನ್ನೇ ಬೆಳೆಸಿದರು. 1930ರ ದಶಕದ ಆರ್ಥಿಕ ಕುಸಿತದ ಹೊತ್ತಿಗೆ ಇದು ಬೇಸಿಗೆಗೆ ಮಾತ್ರ ತೆರೆಯುವ ಊರಾಗಿ ಉಳಿದಿರಲಿಲ್ಲ. ವರ್ಷವಿಡೀ ವಾಸಿಸುವವರೂ ಇದ್ದರು. ಮುಂದೆ ಡೆಟ್ರಾಯ್ಟಿನ ಕಾರು ಕಾರ್ಖಾನೆಗಳಿಂದ ನಿವೃತ್ತರಾದವರು ಬಂದು ನೆಲೆಸಿದರು.

ಬೇರೆ ಕೆರೆಯೋ, ಎಲ್ಲರ ಕೆರೆಯಲ್ಲಿ ಪಾಲೋ ಎಂಬುದು ನೀಲಿಬಾವುಟ ಅವರ ಪ್ರಶ್ನೆ. ಒಂದನ್ನು ಆರಿಸಿದವರು ಇನ್ನೊಂದನ್ನು ಬಿಟ್ಟರು ಎಂದು ನಾನು ತಿಳಿಯುವುದಿಲ್ಲ. ವರ್ಣಭೇದದ ವಿರುದ್ಧ ನ್ಯಾಯಾಲಯಗಳಲ್ಲಿ ಹೋರಾಡಿದ ಎನ್‌ಎಎಸಿಪಿ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಡುಬಾಯ್ಸ್ ಒಬ್ಬರು. ‘ಕ್ರೈಸಿಸ್’ ಅದರದೇ ಪತ್ರಿಕೆ. ಸಾರಾ ರೇಯ ಬೆಂಬಲಕ್ಕೆ ನಿಂತದ್ದೂ ಅದೇ ಸಂಸ್ಥೆ. ಹನ್ನೊಂದು ತಿಂಗಳು ಹೋರಾಡುವ ಮನುಷ್ಯನಿಗೆ ಹನ್ನೆರಡನೆಯ ತಿಂಗಳು ಉಸಿರು ತಿರುಗಿಸಿಕೊಳ್ಳಲು ಒಂದು ಜಾಗ ಬೇಕಲ್ಲವೇ? ಅದನ್ನು ಪಲಾಯನ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ನೀಲಿಬಾವುಟ

ಪಲಾಯನ ಎಂದು ನಾನೂ ಹೇಳಲಿಲ್ಲ. ಯಾರು ಹೊರಗುಳಿದರು ಎಂದು ಕೇಳಿದೆ. ಮುಂಗಡದ 6 ಡಾಲರ್ ಕೂಡ ಇಲ್ಲದ ಮನೆಗಳು ಶಿಕಾಗೋದಲ್ಲಿ ಎಷ್ಟೋ ಇದ್ದಿರಬೇಕು. ಆ ಪ್ರಶ್ನೆಯನ್ನು ಬಿಡಬೇಡಿ. ಹೋರಾಟಗಾರರಿಗೂ ವಿಶ್ರಾಂತಿ ಬೇಕು ಎಂಬ ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ.

ವೈದ್ಯವಿದ್ಯಾರ್ಥಿನಿ

ಡಾ. ಡೇನಿಯಲ್ ಹೇಲ್ ವಿಲಿಯಮ್ಸ್ ಅವರ ಹೆಸರು ಇನ್ನೂ ಬಂದಿಲ್ಲ! ನಮ್ಮ ಶಸ್ತ್ರಚಿಕಿತ್ಸೆಯ ಇತಿಹಾಸದ ಪಾಠದಲ್ಲಿ ಅವರ ಹೆಸರು ಕೇಳಿದ್ದೆ. ಅವರು ಕೊನೆಯ ದಿನಗಳನ್ನು ಕಳೆದು 1931ರ ಆಗಸ್ಟ್ 4ರಂದು ತೀರಿಕೊಂಡದ್ದು ಇದೇ ಐಡಲ್‌ವೈಲ್ಡ್‌ನಲ್ಲಿ.

ಕಪ್ಪು ವೈದ್ಯರಿಗೆ, ದಾದಿಯರಾಗಲು ಬಯಸುವ ಕಪ್ಪು ಹುಡುಗಿಯರಿಗೆ ಶಿಕಾಗೋದ ಆಸ್ಪತ್ರೆಗಳು ಬಾಗಿಲು ಮುಚ್ಚಿದ್ದಾಗ 1891ರಲ್ಲಿ ಪ್ರಾವಿಡೆಂಟ್ ಆಸ್ಪತ್ರೆಯನ್ನು ಕಟ್ಟಿದವರು ಅವರು. 1893ರ ಜುಲೈನಲ್ಲಿ ಜೇಮ್ಸ್ ಕಾರ್ನಿಷ್ ಎಂಬ ಯುವಕನನ್ನು ಎದೆಗೆ ಚೂರಿ ಇರಿತವಾಗಿ ಅಲ್ಲಿಗೆ ತಂದರು. ಮೊದಲಿಗೆ ಗಾಯ ಮೇಲುಮೇಲಿನದೆಂದು ಕಂಡಿತು. ರಾತ್ರಿ ಕಳೆಯುವಷ್ಟರಲ್ಲಿ ರೋಗಿ ಕುಸಿಯತೊಡಗಿದ. ಎಕ್ಸ್‌ರೇ ಇನ್ನೂ ಕಂಡುಹಿಡಿದಿರಲಿಲ್ಲ. ರಕ್ತ ಕೊಡುವ ವ್ಯವಸ್ಥೆಯಿರಲಿಲ್ಲ. ಪ್ರತಿಜೀವಕಗಳು ಬರಲು ದಶಕಗಳೇ ಬೇಕಿತ್ತು. ವಿಲಿಯಮ್ಸ್ ಎದೆಯನ್ನು ತೆರೆದರು. ಹೃದಯದ ಸ್ನಾಯುವಿನ ಮೇಲಿದ್ದ ಸಣ್ಣ ಗಾಯಕ್ಕೆ ಹೊಲಿಗೆ ಬೇಡವೆಂದು ನಿರ್ಧರಿಸಿ, ಹೃದಯದ ಸುತ್ತಲಿನ ಪೊರೆಯಾದ ಪೆರಿಕಾರ್ಡಿಯಮ್‌ಗೆ ಹೊಲಿಗೆ ಹಾಕಿದರು. ಹೃದಯ ಬಡಿಯುತ್ತಲೇ ಇರುವಾಗ ಅದರ ಮೇಲಿನ ಪೊರೆಯನ್ನು ಹೊಲಿಯುವುದೆಂದರೆ ಏನೆಂದು ಊಹಿಸಿ! ಕಾರ್ನಿಷ್ 51 ದಿನಗಳ ನಂತರ ನಡೆದುಕೊಂಡು ಮನೆಗೆ ಹೋದ.

ಇದೇ ಜಗತ್ತಿನ ಮೊದಲ ಹೃದಯ ಶಸ್ತ್ರಚಿಕಿತ್ಸೆ ಎಂದು ಹಲವೆಡೆ ಬರೆಯುತ್ತಾರೆ. ಸೇಂಟ್ ಲೂಯಿಸ್‌ನ ಹೆನ್ರಿ ಡಾಲ್ಟನ್ 1891ರಲ್ಲೇ ಪೆರಿಕಾರ್ಡಿಯಮ್ ಹೊಲಿದಿದ್ದರು. ಮೊದಲನೆಯವರು ಯಾರೇ ಇರಲಿ, ಹಾಗೆ ಬದುಕಿಸಿದವರು ಬೆರಳೆಣಿಕೆಯಷ್ಟು ಜನ. 1913ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಸ್ಥಾಪನೆಯಾದಾಗ ಅದರ ಸದಸ್ಯರಲ್ಲಿ ಇದ್ದ ಏಕೈಕ ಕಪ್ಪು ವೈದ್ಯ ಅವರು.

ಹಳೆನಕ್ಷೆ

ಬಹಳ ಉಪಕಾರವಾಯಿತು, ಮೇಡಂ. ಐಡಲ್‌ವೈಲ್ಡ್‌ನಲ್ಲಿ ಅವರ ಮನೆಯ ಹೆಸರು ಓಕ್‌ಮಿಯರ್. ಸರೋವರದ ನಡುವಿನ ದ್ವೀಪಕ್ಕೆ ಇಂದಿಗೂ ವಿಲಿಯಮ್ಸ್ ದ್ವೀಪ ಎಂದೇ ಹೆಸರು. ‘ಡಾಕ್ಟರ್ ಡ್ಯಾನ್ ಅಲ್ಲಿ ಮನೆ ಮಾಡಿದ್ದಾರೆ’ ಎಂಬ ಸುದ್ದಿಯೇ ಉಳಿದವರಿಗೆ ಭರವಸೆಯಾಯಿತು. ದೊಡ್ಡವರೊಬ್ಬರು ಸೈಟು ಕೊಂಡರೆ ಇಡೀ ಬಡಾವಣೆಗೆ ಬೆಲೆ ಬರುವುದು ನಮಗೇನೂ ಹೊಸದಲ್ಲ.

ಸ್ವರಲಹರಿ

ಸಂಗೀತದ ಭಾಗವನ್ನು ನಾನು ಬರೆಯುತ್ತೇನೆ, ಅನುಮತಿ ಕೇಳುವುದಿಲ್ಲ!

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಐಡಲ್‌ವೈಲ್ಡ್‌ನ ರಾತ್ರಿಗಳ ಸ್ವರೂಪವೇ ಬದಲಾಯಿತು. ಕಾರ್ಖಾನೆಗಳಲ್ಲಿ ಒಳ್ಳೆಯ ಸಂಬಳ, ಮನೆಮನೆಗೆ ಕಾರು. ಆದರೆ ಕಾರಿದ್ದರೂ ದಾರಿಯಲ್ಲಿ ಯಾವ ಹೋಟೆಲಿನವರು ಒಳಗೆ ಬಿಡುತ್ತಾರೆ ಎಂದು ತಿಳಿಯದು. ಅದಕ್ಕಾಗಿಯೇ ನ್ಯೂಯಾರ್ಕಿನ ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಗ್ರೀನ್ 1936ರಿಂದ ಕಪ್ಪು ಪ್ರಯಾಣಿಕರ ಕೈಪಿಡಿಯೊಂದನ್ನು ಹೊರತರುತ್ತಿದ್ದರು, ಅದೇ ಪ್ರಸಿದ್ಧ ಗ್ರೀನ್ ಬುಕ್. ಅದರ ಮಿಶಿಗನ್ ಪುಟಗಳಲ್ಲಿ ಐಡಲ್‌ವೈಲ್ಡ್‌ನ ವಸತಿಗೃಹಗಳಿದ್ದವು.

ವಿಲಿಯಮ್ಸ್ ದ್ವೀಪದಲ್ಲಿ ಫಿಲ್ ಗೈಲ್ಸ್ 1955ರಲ್ಲಿ ಫ್ಲೆಮಿಂಗೊ ಕ್ಲಬ್ ಕಟ್ಟಿಸಿದರು. ಇನ್ನೊಂದು ದಂಡೆಯ ಪ್ಯಾರಡೈಸ್ ಕ್ಲಬ್ಬನ್ನು ಸ್ಯಾಗಿನಾ ನಗರದ ಆರ್ಥರ್ ಬ್ರ್ಯಾಗ್ಸ್ ನಡೆಸುತ್ತಿದ್ದರು. ಬ್ರ್ಯಾಗ್ಸ್ ಕಟ್ಟಿದ ‘ಐಡಲ್‌ವೈಲ್ಡ್ ರೆವ್ಯೂ’ ಎಂಬ ತಂಡದಲ್ಲಿ ಗಾಯಕರು, ವಾದ್ಯಮೇಳ, ನರ್ತಕಿಯರು, ಹಾಸ್ಯಗಾರರು ಎಲ್ಲರೂ ಇದ್ದರು. ಬೇಸಿಗೆಯಲ್ಲಿ ಇಲ್ಲಿ ಪ್ರದರ್ಶನ. ಚಳಿಗಾಲದಲ್ಲಿ ಇಡೀ ತಂಡ ಬೇರೆ ನಗರಗಳಿಗೆ ಪ್ರವಾಸ. ನಮ್ಮ ವೃತ್ತಿ ನಾಟಕ ಕಂಪನಿಗಳ ಕ್ಯಾಂಪಿನಂತೆ.

ಇಲ್ಲಿ ಹಾಡಿದವರ ಪಟ್ಟಿ ನೋಡಿ: ಡೆಲ್ಲಾ ರೀಸ್, ಸಾರಾ ವಾನ್, ಜಾಕಿ ವಿಲ್ಸನ್, ಟಿ-ಬೋನ್ ವಾಕರ್, ಬಿ. ಬಿ. ಕಿಂಗ್, ಅರೀಥಾ ಫ್ರ್ಯಾಂಕ್ಲಿನ್. ಫೋರ್ ಟಾಪ್ಸ್ ತಂಡದ ನಾಲ್ವರು ಡೆಟ್ರಾಯ್ಟಿನ ಹುಡುಗರು ಮೋಟೌನ್ ಎಂಬ ರೆಕಾರ್ಡ್ ಕಂಪನಿ ಸೇರಿ ಜಗತ್ಪ್ರಸಿದ್ಧರಾಗುವ ಮುನ್ನ ಬ್ರ್ಯಾಗ್ಸ್ ವೇದಿಕೆಯಲ್ಲಿ ಪಳಗಿದವರು. ಇವರಲ್ಲಿ ಎಷ್ಟೋ ಜನ ದೊಡ್ಡ ನಗರಗಳ ಹೋಟೆಲುಗಳಲ್ಲಿ ವೇದಿಕೆಯ ಮೇಲೆ ಹಾಡಿ, ಅದೇ ಹೋಟೆಲಿನಲ್ಲಿ ಕೋಣೆ ಸಿಗದೆ ಹಿಂಬಾಗಿಲಿನಿಂದ ಹೊರಬಂದವರು. ಐಡಲ್‌ವೈಲ್ಡ್‌ನಲ್ಲಿ ಹಾಡು ಮುಗಿಸಿದವರು ಅಲ್ಲೇ ಮಲಗಿ, ಬೆಳಗ್ಗೆ ಕೇಳುಗರ ಜೊತೆಗೇ ತಿಂಡಿ ತಿಂದು, ಅದೇ ಸರೋವರದಲ್ಲಿ ಈಜಬಹುದಿತ್ತು. ಕಲಾವಿದರ ಪಾಲಿಗೆ ಇದು ಎಷ್ಟು ದೊಡ್ಡದೆಂದು ವೇದಿಕೆ ಹತ್ತಿದ ಯಾರನ್ನಾದರೂ ಕೇಳಿ.

ಕಾವೇರಿತೀರ

ಜನ ಎಷ್ಟು ಸೇರುತ್ತಿದ್ದರು?

ಹಳೆನಕ್ಷೆ

1950ರ ದಶಕದಲ್ಲಿ, ರಜೆಗೆ ಹೊಂದಿಕೊಂಡ ವಾರಾಂತ್ಯಗಳಲ್ಲಿ 25,000 ಜನ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಕೋಣೆ ಸಿಗದವರು ಕಾರುಗಳಲ್ಲೇ ಮಲಗುತ್ತಿದ್ದರು.

ದಾರಿಬುತ್ತಿ

ಹಾಗಾದರೆ ಮುಂದೇನಾಯಿತು? 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ ಊರು ಸತ್ತಿತು ಎಂದು ಓದಿದ್ದೇನೆ. ಇದು ದೊಡ್ಡ ವಿಪರ್ಯಾಸ. ಬೇಲಿ ಇದ್ದಾಗ ಒಳಗೆ ಒಂದು ಲೋಕವಿತ್ತು, ಅವರದೇ ವ್ಯಾಪಾರ, ಅವರದೇ ಕಲೆ. ಬೇಲಿ ಬಿದ್ದಾಗ ಹಣವೆಲ್ಲ ಬಿಳಿಯರ ಹೋಟೆಲುಗಳಿಗೆ ಹೋಯಿತು. ಒಂದು ರೀತಿಯಲ್ಲಿ ಸಮಾನತೆಯೇ ಐಡಲ್‌ವೈಲ್ಡ್ ಅನ್ನು ಮುಗಿಸಿತು ಎನ್ನಬೇಕಾಗುತ್ತದೆ.

ಹಳೆನಕ್ಷೆ

ದಾರಿಬುತ್ತಿ ಅವರೇ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಈ ಮಾತನ್ನು ವಿರೋಧಿಸುತ್ತೇನೆ. ಐಡಲ್‌ವೈಲ್ಡ್ ಬಗ್ಗೆ ಎಲ್ಲಿ ಓದಿದರೂ ಕೊನೆಗೆ ಈ ವಾಕ್ಯ ಬರುತ್ತದೆ, ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ನಡೆದದ್ದನ್ನು ನಾನು ಅಲ್ಲಗಳೆಯುವುದಿಲ್ಲ. 1964ರ ಜುಲೈ 2ರಂದು ಸಹಿಯಾದ ಕಾಯ್ದೆ ಹೋಟೆಲು, ಉಪಾಹಾರ ಮಂದಿರ, ರಂಗಮಂದಿರಗಳಲ್ಲಿ ವರ್ಣಭೇದವನ್ನು ದೇಶದಾದ್ಯಂತ ನಿಷೇಧಿಸಿತು. ಯುವ ಕುಟುಂಬಗಳು ಬೇರೆ ಊರುಗಳನ್ನು ನೋಡಲು ಹೊರಟವು. ಕಲಾವಿದರಿಗೆ ಲಾಸ್ ವೇಗಸ್‌ನಂಥ ನಗರಗಳಿಂದ ಕರೆ ಬಂತು. ಅಷ್ಟು ಸಂಭಾವನೆಯನ್ನು ಕಾಡಿನ ನಡುವಿನ ಕ್ಲಬ್ಬು ಕೊಡಲಾರದು. ಕೆಲವೇ ವರ್ಷಗಳಲ್ಲಿ ಕ್ಲಬ್ಬುಗಳಿಗೆ ಬೀಗ ಬಿತ್ತು. ಮನೆಗಳು ಪಾಳುಬಿದ್ದವು.

ಆದರೆ ದೋಷವನ್ನು ಸಮಾನತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಶತಮಾನಗಟ್ಟಲೆ ದೋಚಿದ ಸಮುದಾಯಕ್ಕೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಹಳೆಯ ಹೋಟೆಲನ್ನು ದುರಸ್ತಿ ಮಾಡಿ ಹೊಸ ಪೈಪೋಟಿಗೆ ನಿಲ್ಲಲು ಬಂಡವಾಳ ಬೇಕು, ಅದು ಎಲ್ಲಿಂದ ಬರಬೇಕು? ಚಿಕ್ಕ ಚಿಕ್ಕ ಸಾವಿರಾರು ನಿವೇಶನಗಳು. ಕೊಂಡವರು ಸತ್ತರು, ವಾರಸುದಾರರು ಹತ್ತಾರು ರಾಜ್ಯಗಳಿಗೆ ಚದುರಿದರು, ತೆರಿಗೆ ಬಾಕಿಯಾಗಿ ಎಷ್ಟೋ ನಿವೇಶನಗಳು ಕೈಬಿಟ್ಟವು. ಲೇಕ್ ಕೌಂಟಿಯೋ ಮಿಶಿಗನ್ನಿನ ಅತಿ ಬಡ ಜಿಲ್ಲೆಗಳಲ್ಲಿ ಒಂದು. ಇವೆಲ್ಲ ಕಾರಣಗಳನ್ನು ಬದಿಗಿಟ್ಟು ‘ಬೇಲಿ ಇದ್ದಾಗಲೇ ಚೆನ್ನಾಗಿತ್ತು’ ಎನ್ನುವ ಕಥೆ ಯಾರಿಗೆ ಅನುಕೂಲ ಎಂದು ಯೋಚಿಸಿ.

ಇಷ್ಟಕ್ಕೂ ಆ ಜನ ಹೋರಾಡಿದ್ದು ಯಾತಕ್ಕೆ? ಮಗಳು ತನಗಿಷ್ಟವಾದ ಯಾವ ದಂಡೆಗಾದರೂ ಹೋಗಬಹುದಾದ ದಿನಕ್ಕಾಗಿ. ಆ ದಿನ ಬಂದಾಗ ಮಗಳು ಬೇರೆ ದಂಡೆಗೆ ಹೋದಳು. ಅದರಲ್ಲಿ ವಿಪರ್ಯಾಸವೇನೂ ಇಲ್ಲ, ಅದು ಗೆಲುವು. ಗೆಲುವಿನ ಖರ್ಚನ್ನು ಮಾತ್ರ ಐಡಲ್‌ವೈಲ್ಡ್‌ನ ಅಂಗಡಿಯವರು, ಹೋಟೆಲಿನವರು ತಮ್ಮ ಕೈಯಿಂದ ತೆತ್ತರು, ಯಾರೂ ಅವರಿಗೆ ತುಂಬಿಕೊಡಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಅಮೆರಿಕದಲ್ಲಿರುವ ಕನ್ನಡಿಗರಾಗಿ ನಾವು ಮರೆಯಬಾರದ ಇನ್ನೊಂದು ಸಂಗತಿಯಿದೆ. 1946ರ ಕಾನೂನಿನಂತೆ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ವಲಸೆ ಕೋಟಾ ಇತ್ತು. ಆ ದೇಶವಾರು ಕೋಟಾ ಪದ್ಧತಿಯನ್ನು ತೆಗೆದುಹಾಕಿದ್ದು 1965ರ ವಲಸೆ ಕಾಯ್ದೆ. ಅದು ನಾಗರಿಕ ಹಕ್ಕುಗಳ ಚಳವಳಿ ಬಿಸಿಯಾಗಿದ್ದ ಕಾಲದಲ್ಲಿ, ಅದೇ ಒತ್ತಡದಲ್ಲಿ, 1964ರ ಕಾಯ್ದೆಯ ಮರುವರ್ಷವೇ ಬಂದದ್ದು. ಡೆಟ್ರಾಯ್ಟಿನ ಕಾರು ಕಂಪನಿಗಳಿಗೆ, ಆಸ್ಪತ್ರೆಗಳಿಗೆ ನಮ್ಮ ಎಂಜಿನಿಯರುಗಳು, ವೈದ್ಯರು ಹೆಚ್ಚಿನ ಸಂಖ್ಯೆಯಲ್ಲಿ ಬರತೊಡಗಿದ್ದು ಅದಾದ ಮೇಲೆ. ನಾವು ಕುಟುಂಬ ಸಮೇತ ಯಾವ ಹೋಟೆಲಿನಲ್ಲಾದರೂ ಕೋಣೆ ಹಿಡಿದು ಯಾವ ಸರೋವರಕ್ಕಾದರೂ ಇಳಿಯುತ್ತೇವಲ್ಲ, ಅದಕ್ಕಾಗಿ ಕಲ್ಲೇಟು ತಿಂದವರು ನಾವಲ್ಲ.

ವೈದ್ಯವಿದ್ಯಾರ್ಥಿನಿ

ಈ ಕೊನೆಯ ಭಾಗವನ್ನು ನಮ್ಮ ತಂದೆಗೆ ಓದಿ ಹೇಳಿದೆ. ಅವರು ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದವರು. ‘1965ರ ಕಾಯ್ದೆ ಗೊತ್ತಿತ್ತು, ಅದರ ಹಿಂದಿನವರನ್ನು ನೆನೆಯಲಿಲ್ಲ’ ಎಂದರು.

ನೀಲಿಬಾವುಟ

ಹಳೆನಕ್ಷೆ ಅವರೇ, ಬಂಡವಾಳದ ಮಾತು ಸರಿಯಾಗಿದೆ. ನಮ್ಮಲ್ಲೂ ಮೀಸಲಾತಿ ಪಡೆದವರು ಹಳ್ಳಿ ಬಿಟ್ಟು ಹೋದರು, ಕೇರಿ ಹಾಗೇ ಉಳಿಯಿತು ಎಂದು ಮೀಸಲಾತಿಯನ್ನೇ ಬೈಯುವವರಿದ್ದಾರೆ. ಕೇರಿಗೆ ರಸ್ತೆ ಯಾಕೆ ಬರಲಿಲ್ಲ ಎಂದು ಕೇಳುವವರು ಕಡಿಮೆ.

ದಾರಿಬುತ್ತಿ

ಹಳೆನಕ್ಷೆ ಅವರ ವಾದದ ಬಲ ಕಾಣುತ್ತಿದೆ. ಆದರೂ ಒಂದು ಮಾತು ಉಳಿಸಿಕೊಳ್ಳುತ್ತೇನೆ: ತಮ್ಮದೇ ಆದ ಜಾಗವೊಂದು ಇಲ್ಲವಾದಾಗ ಸಮುದಾಯಕ್ಕೆ ಆಗುವ ನಷ್ಟ ಹಣದ ಲೆಕ್ಕಕ್ಕೆ ಸಿಗುವುದಿಲ್ಲ. ಬಂಡವಾಳ ಸಿಕ್ಕಿದ್ದರೂ ಸ್ವರಲಹರಿ ಅವರು ಬರೆದ ಆ ರಾತ್ರಿಗಳು ಉಳಿಯುತ್ತಿದ್ದವೇ ಎಂಬ ಅನುಮಾನ ನನಗಿದೆ.

ಗಾಳದವನು

ಚರ್ಚೆಯ ನಡುವೆ ಬರುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ಬಾಲ್ಡ್‌ವಿನ್‌ಗೆ ಮೀನು ಹಿಡಿಯಲು ಹೋಗುವವನು. ಪೆರೆ ಮಾರ್ಕೆಟ್ ನದಿಯ ಆ ಭಾಗ ಟ್ರೌಟ್ ಮೀನುಗಾರರಿಗೆ ತೀರ್ಥಕ್ಷೇತ್ರ; ಅಮೆರಿಕದ ನದಿಗೆ ಬ್ರೌನ್ ಟ್ರೌಟ್ ಮರಿಗಳನ್ನು ಮೊದಲು ಬಿಟ್ಟದ್ದು 1884ರಲ್ಲಿ, ಬಾಲ್ಡ್‌ವಿನ್ ಹೊಳೆಯಲ್ಲಿ. ಐಡಲ್‌ವೈಲ್ಡ್ ಫಲಕ ಕಂಡರೂ ಒಳಗೆ ಹೋಗಿರಲಿಲ್ಲ. ಈಗ ಅಲ್ಲಿ ನೋಡಲು ಏನು ಉಳಿದಿದೆ?

ಹಳೆನಕ್ಷೆ

ಉಳಿದಿದೆ, ಖಂಡಿತ ಹೋಗಿ. ಐಡಲ್‌ವೈಲ್ಡ್ 1979ರಲ್ಲೇ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದೆ. ವಿಲಿಯಮ್ಸ್ ದ್ವೀಪಕ್ಕೆ ಕಾರಿನಲ್ಲೇ ಹೋಗಬಹುದು. ಫ್ಲೆಮಿಂಗೊ ಕ್ಲಬ್ಬಿನ ಕಟ್ಟಡ ಅಲ್ಲಿದೆ, ಅದನ್ನು ಉಳಿಸಿಕೊಳ್ಳಲು ಊರಿನವರು ಶ್ರಮಿಸುತ್ತಿದ್ದಾರೆ. ಕಾಸಾ ಬ್ಲಾಂಕಾ ಎಂಬ ಹಳೆಯ ಹೋಟೆಲಿನ ಕಟ್ಟಡವೂ ಇದೆ. ಮೊದಲ ದಶಕಗಳ ಸಣ್ಣ ಮರದ ಮನೆಗಳಲ್ಲಿ ಕೆಲವು ಇನ್ನೂ ನಿಂತಿವೆ, 25 ಅಡಿ ಅಗಲ ಎಂದರೆ ಎಷ್ಟೆಂದು ಅವುಗಳ ಮುಂದೆ ನಿಂತರೆ ತಿಳಿಯುತ್ತದೆ. ಊರಿನ ಇತಿಹಾಸ ಮತ್ತು ಸಂಸ್ಕೃತಿ ಕೇಂದ್ರದಲ್ಲಿ ಹಳೆಯ ಫೋಟೊಗಳಿವೆ. ಅದು ಬೇಸಿಗೆಯ ಕಾಲಕ್ಕೆ ತೆರೆಯುವಂಥದ್ದು, ಹೊರಡುವ ಮುನ್ನ ವೇಳೆ ವಿಚಾರಿಸಿಕೊಳ್ಳಿ. ಉಳಿಯಲು ಬಾಲ್ಡ್‌ವಿನ್ ಅನುಕೂಲ.

ಒಂದೇ ವಿನಂತಿ: ಜನ ಈಗಲೂ ವಾಸಿಸುವ ಊರದು. ಪಾಳುಮನೆ ಎಂದು ಯಾರದೋ ಅಂಗಳಕ್ಕೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಹಿರಿಯರು ಯಾರಾದರೂ ಜಗುಲಿಯಲ್ಲಿ ಕುಳಿತಿದ್ದರೆ ನಮಸ್ಕರಿಸಿ ಮಾತನಾಡಿಸಿ, ಊಟವನ್ನೂ ಸಾಮಾನು ಖರೀದಿಯನ್ನೂ ಅಲ್ಲಿಯ ಅಂಗಡಿಗಳಲ್ಲೇ ಮಾಡಿ.

ಗಾಳದವನು

ಆಗಲಿ. ಜುಲೈನಲ್ಲಿ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ಬಂದ ಮೇಲೆ ಕೇಂದ್ರದಲ್ಲಿ ಏನು ನೋಡಿದೆ ಎಂದು ಇಲ್ಲೇ ಬರೆಯುತ್ತೇನೆ. ಸ್ವರಲಹರಿ ಅವರೇ, ದಾರಿಯಲ್ಲಿ ಕೇಳಲು ಆ ಕಾಲದ ಹಾಡುಗಳ ಪಟ್ಟಿ ಮಾಡಿ ಕೊಡುತ್ತೀರಾ?

ಸ್ವರಲಹರಿ

ಇವತ್ತು ರಾತ್ರಿಯೇ ಹಾಕುತ್ತೇನೆ. ಡೆಲ್ಲಾ ರೀಸ್‌ರಿಂದ ಆರಂಭಿಸುತ್ತೇನೆ.